ಅಂಗಳಕ್ಕೆ ಬೂಟು ಹಾಕಿ ಇಳಿದ ವರ್ಷ

ಮೊನ್ನೆ ಮೂಡುಬಿದಿರೆಯ ಒಂದು ಚಪ್ಪಲಿ ಅಂಗಡಿಯಲ್ಲಿ ಕೂತಿದ್ದೆ. ಮೊಣಗಂಟು ನೋವಿಗೆ ಮೆತ್ತಗಿನ ಚಪ್ಪಲಿ ಹಾಕಿ ಎಂದು ಡಾಕ್ಟರು ಹೇಳಿದ್ದರು. ಅಂಗಡಿಯವಳು ಪಕ್ಕದ ಗಿರಾಕಿಗೆ ತೋರಿಸಲೆಂದು ಬಿಳಿ ಕ್ಯಾನ್ವಾಸ್ ಬೂಟಿನ ಡಬ್ಬಿಯೊಂದನ್ನು ತೆರೆದಳು. ಹೊಸ ರಬ್ಬರು, ಅಂಟು, ಒರಟು ಬಟ್ಟೆ, ಮೂರೂ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎರಡು ಹಿಮ್ಮಡಿಗಳೂ ಚುರುಕ್ ಎಂದವು. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನಲವತ್ತು ವರ್ಷಕ್ಕೂ ಹಿಂದೆ ಎದ್ದು ಒಡೆದ ಗುಳ್ಳೆಗಳು ಅವು. ಒಂದು ಡಿಸೆಂಬರಿನಲ್ಲಿ, ಬೆಂಗಳೂರಿನ ರಸ್ತೆಗಳ ಮೇಲೆ, ನನ್ನ ಸೋದರಮಾವನ ಹಿಂದೆ ನಡೆದು ನಡೆದು ಎದ್ದವು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಬೆಳುವಾಯಿಯ ಶಾಲೆಯಲ್ಲಿ ಹತ್ತನೆಯ ತರಗತಿ. ನಮ್ಮದು ಅಳಿಯಕಟ್ಟಿನ ಮನೆ. ಅಂದರೆ ಅಪ್ಪ ಎಷ್ಟೇ ದೊಡ್ಡ ಜನವಾದರೂ ಮನೆಯ ಮಾತು ಅಮ್ಮನ ಅಣ್ಣನದ್ದು. ನನ್ನ ಅಪ್ಪ ದೊಡ್ಡ ಜನವೂ ಅಲ್ಲ ಬಿಡಿ, ಬಂಟ್ವಾಳದ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದು ಶನಿವಾರ ಬಂದು ಸೋಮವಾರ ಹೋಗುವವರು. ಮನೆಯಲ್ಲಿ ದೂಮಪ್ಪ ಮಾವ ಹೇಳಿದ್ದೇ ಆಗಬೇಕು. ಅವರು ಹೆಚ್ಚು ಮಾತಾಡುವವರಲ್ಲ. ಆದರೆ ಒಮ್ಮೆ ಆಡಿದ ಮಾತನ್ನು ಹಿಂದೆ ತೆಗೆದುಕೊಂಡದ್ದನ್ನು ನಮ್ಮ ಮನೆಯಲ್ಲಿ ಯಾರೂ ಕಂಡವರಿಲ್ಲ. ಅಜ್ಜಿಯೇ ಹೇಳುತ್ತಿದ್ದರು, ಇವನದ್ದು ಕಲ್ಲಿನ ಮೇಲೆ ಕೆತ್ತಿದ ಹಾಗೆ, ನಾನು ಹೆತ್ತದ್ದೋ ಕಡೆದದ್ದೋ ನನಗೇ ಗೊತ್ತಿಲ್ಲ ಎಂದು.

ಮಾವನಿಗೆ ಲೋಕದಲ್ಲಿ ಎಲ್ಲಕ್ಕಿಂತ ದೊಡ್ಡದು ಅವರ ಅಂಗಳ. ನಮ್ಮ ಕಡೆ ಮಳೆ ಬಿಟ್ಟ ಮೇಲೆ ಪ್ರತಿ ವರ್ಷವೂ ಅಂಗಳವನ್ನು ಹೊಸದಾಗಿ ಮಾಡಬೇಕು. ಹುಲ್ಲು ಬೆಳೆದು, ನೀರು ಕೊರೆದು ಹಾಳಾದ ನೆಲವನ್ನು ಕೆತ್ತಿ, ಕೆಮ್ಮಣ್ಣು ಹರಡಿ, ನೀರು ಹನಿಸಿ, ಸಾಲಾಗಿ ಕುಕ್ಕುರುಗಾಲಲ್ಲಿ ಕೂತು ಮರದ ಹಲಗೆಯಿಂದ ದಿನವಿಡೀ ಬಡಿಯುವುದು. ಆಮೇಲೆ ಸೆಗಣಿಗೆ ಮಸಿ ಕಲಸಿ ಸಾರಿಸುವುದು. ಒಣಗಿದ ಮೇಲೆ ಅದು ಕಪ್ಪಗೆ, ನುಣ್ಣಗೆ, ಶಾಲೆಯ ಕರಿಹಲಗೆಯ ಹಾಗೆ ಕಾಣಬೇಕು. ಅಲ್ಲಿಯೇ ಬತ್ತ ಹೊಡೆಯುವುದು, ಅಲ್ಲಿಯೇ ಒಣಗಿಸುವುದು. ಅನ್ನ ಬೀಳುವ ಜಾಗ ಅದು. ಚಪ್ಪಲಿ ಹಾಕಿ ಯಾರೂ ಇಳಿಯುವ ಹಾಗಿಲ್ಲ. ಒಮ್ಮೆ ಸರ್ವೆಗೆ ಬಂದ ಅಧಿಕಾರಿಯೊಬ್ಬರು ಬೂಟು ಹಾಕಿಕೊಂಡೇ ಅಂಗಳಕ್ಕೆ ಕಾಲಿಟ್ಟರು. ಮಾವ ಕೈ ಮುಗಿದು, "ಸಾರ್, ಬೂಟು ಅಲ್ಲಿ ಇಡಿ, ಮತ್ತೆ ನೀವು ಏನು ಬೇಕಾದ್ರೂ ಅಳೆಯಿರಿ" ಎಂದರು. ಅಧಿಕಾರಿ ಕಾಲುಚೀಲದಲ್ಲೇ ಸರ್ವೆ ಮುಗಿಸಿ ಹೋದರು.

ಆ ಅಂಗಳದ ಮೇಲೆ ಕಣ್ಣು ಹಾಕಿದವರು ನಮ್ಮ ಶಾಲೆಯ ಡ್ರಿಲ್ ಮಾಸ್ಟ್ರು ಲೋಬೋ. ಪ್ರಾಯದಲ್ಲಿ ಮಂಗಳೂರಿನ ಪಾದ್ರಿಗಳ ಜೊತೆ ಟೆನಿಸ್ ಆಡಿದವರು. ಬೆಳುವಾಯಿಗೆ ಬಂದ ಮೇಲೆ ಆಡಲು ಜಾಗವೂ ಇಲ್ಲ, ಜನವೂ ಇಲ್ಲ. ನಾನು ಎಂಟನೆಯಲ್ಲಿದ್ದಾಗ ಯಾವುದೋ ಕಾಗದಕ್ಕೆ ಸಹಿ ಹಾಕಿಸಲು ಮನೆಗೆ ಬಂದವರು ಅಂಗಳದ ಅಂಚಿನಲ್ಲೇ ನಿಂತುಬಿಟ್ಟರು.

"ಎಂಥ ಅಂಗಳ ಮಾರಾಯ್ರೆ! ಇದ್ರಲ್ಲಿ ಟೆನಿಸ್ ಆಡ್ಬಹುದು."

ಅಂಗಳವನ್ನು ಹೊಗಳಿದರೆ ಮಾವ ಕರಗಿಹೋಗುತ್ತಿದ್ದರು. "ಆಡಿ. ಬತ್ತ ಹೊಡೆದು ಮುಗಿದ ಮೇಲೆ. ಚಪ್ಪಲಿ ಹೊರಗೆ" ಎಂದರು.

ಹೀಗೆ ನಾನು ಟೆನಿಸ್ ಕಲಿತೆ. ಮಾಸ್ಟ್ರ ಹಳೆಯ ಎರಡು ರ‍್ಯಾಕೆಟ್, ಮೂಲ್ಕಿಯಿಂದ ತಂದ ಹರಕು ಮೀನುಬಲೆ, ಸುಣ್ಣದ ಗೆರೆ. ಬಲೆಗೆ ಮೊದಲ ವರ್ಷ ವಾಸನೆಯೂ ಇತ್ತು, ಮನೆಯ ಬೆಕ್ಕು ಅದರ ಬುಡ ಬಿಟ್ಟು ಏಳುತ್ತಿರಲಿಲ್ಲ. ಚೆಂಡು ಆ ಕಡೆ ಹೋದರೆ ಬಾವಿ, ಈ ಕಡೆ ಹೋದರೆ ಹಟ್ಟಿ. ನೆಲಕ್ಕೆ ಬಿದ್ದ ಚೆಂಡು ಎದ್ದರೆ ಎದ್ದಿತು, ಇಲ್ಲವಾದರೆ ಅಲ್ಲೇ ಮಲಗಿತು. ನಾನು ದೂರು ಹೇಳಿದರೆ ಮಾಸ್ಟ್ರು "ಕುಣಿಯಲಿಕ್ಕೆ ಬಾರದವಳಿಗೆ ಅಂಗಳ ಡೊಂಕು" ಎನ್ನುತ್ತಿದ್ದರು. ಎರಡು ವರ್ಷ, ಡಿಸೆಂಬರಿನಿಂದ ಮೇ ತಿಂಗಳವರೆಗೆ, ಇಬ್ಬರೂ ಬರಿಗಾಲಲ್ಲಿ ಆಡಿದೆವು. ಮಾವ ಒಂದು ದಿನವೂ ಆಟ ನೋಡಿದವರಲ್ಲ. ನಾವು ಮುಗಿಸಿದ ಮೇಲೆ ಬರುತ್ತಿದ್ದರು, ಸೊಂಟ ಬಗ್ಗಿಸಿ ಅಂಗಳದ ಮೂಲೆ ಮೂಲೆ ನೋಡುತ್ತಿದ್ದರು. ಎಲ್ಲಾದರೂ ಗೀರು ಬಿದ್ದಿದ್ದರೆ ನಾನೇ ಸೆಗಣಿ ತಂದು ಒರೆಸಿ ಸರಿ ಮಾಡಬೇಕು. ಆಟದ ನಡುವೆ ಕಾಲು ಜಾರಿ ಗೆರೆ ಮೂಡಿದರೆ ಅಲ್ಲೇ ನಿಂತು ಪಾದದಿಂದ ತೀಡಿ ಮುಚ್ಚುವುದು ನನಗೆ ಉಸಿರಾಟದ ಹಾಗೆ ಅಭ್ಯಾಸವಾಗಿತ್ತು.

ಆ ವರ್ಷ ಮಾಸ್ಟ್ರು ನನಗೆ ಹೇಳದೆ ಬೆಂಗಳೂರಿನ ಒಂದು ಕ್ಲಬ್ಬಿಗೆ ಬರೆದು, ಶಾಲಾ ಹುಡುಗಿಯರ ಟೂರ್ನಮೆಂಟಿಗೆ ನನ್ನ ಹೆಸರು ಸೇರಿಸಿಬಿಟ್ಟಿದ್ದರು. ಕಾಗದ ಬಂದ ದಿನ ಮನೆಯಲ್ಲಿ ದೊಡ್ಡ ಪಂಚಾಯಿತಿ. ಅಮ್ಮ ಬಾಗಿಲ ಸಂದಿಯಲ್ಲಿ, ನಾನು ಅಮ್ಮನ ಬೆನ್ನ ಹಿಂದೆ.

"ಮಾಸ್ಟ್ರೇ, ಇಷ್ಟು ದಿನ ಮಕ್ಕಳಾಟ ಅಂತ ಬಿಟ್ಟಿದ್ದೆ" ಎಂದರು ಮಾವ. "ಈಗ ದೊಡ್ಡವಳಾಗಿದ್ದಾಳೆ. ರಸ್ತೆಯಲ್ಲಿ ಹೋಗುವವರು ನಿಂತು ನೋಡ್ತಾರೆ. ಇವಳು ನಿಜಕ್ಕೂ ಆಡ್ತಾಳಾ, ಸುಮ್ಮನೆ ಚೆಂಡು ಬಡಿಯುತ್ತಾಳಾ, ನನಗೆ ಗೊತ್ತಿಲ್ಲ. ಬೆಂಗಳೂರಿಗೆ ಹೋಗ್ಲಿ. ಮೊದಲನೇ ಸುತ್ತು ಗೆದ್ದರೆ ಕಾಲೇಜಿಗೆ ಹೋಗುವಾಗಲೂ ಆಡ್ಲಿ, ನಾನು ಬೇಡ ಹೇಳ್ಲಿಕ್ಕಿಲ್ಲ. ಸೋತರೆ ಅಲ್ಲಿಗೆ ಮುಗೀತು. ನಿಮ್ಮ ರ‍್ಯಾಕೆಟ್ ನಿಮಗೆ."

ನಾನು ಅಮ್ಮನ ಸೆರಗು ಹಿಡಿದುಕೊಂಡೆ. ಆ ಹೊತ್ತಿಗೆ ನನಗೆ ಟೆನಿಸ್ ಬಿಟ್ಟು ಬೇರೆ ಯಾವುದೂ ಬೇಡವಾಗಿತ್ತು. ಓದು ಅಷ್ಟಕ್ಕಷ್ಟೆ, ಅಡುಗೆಯಲ್ಲಿ ಉಪ್ಪು ಮರೆಯುವವಳು. ಆ ಅಂಗಳದಲ್ಲಿ ರ‍್ಯಾಕೆಟ್ ಹಿಡಿದು ನಿಂತಾಗ ಮಾತ್ರ ನಾನು ಯಾರಿಗೂ ಕಡಿಮೆಯಲ್ಲ ಅನ್ನಿಸುತ್ತಿತ್ತು.

ಇನ್ನೊಂದು ತೊಡಕು ಬಂತು. ನನ್ನ ಪಂದ್ಯ ಕ್ರಿಸ್ಮಸ್ ಕಳೆದು ಎರಡು ದಿನಕ್ಕೆ. ಮಾಸ್ಟ್ರು ತಲೆ ಕೆರೆದರು. "ಕ್ರಿಸ್ಮಸ್ಸಿಗೆ ನಾನು ಮನೆ ಬಿಟ್ಟು ಹೋದ್ರೆ ನನ್ನ ಹೆಂಡತಿ ನನ್ನನ್ನು ಮತ್ತೆ ಒಳಗೆ ಸೇರಿಸ್ಲಿಕ್ಕಿಲ್ಲ ಮಾರಾಯ್ರೆ." ಹೀಗೆ ಕರೆದುಕೊಂಡು ಹೋಗುವ ಕೆಲಸ ಮಾವನ ತಲೆಗೇ ಬಂತು. ಮಾಸ್ಟ್ರು ಒಂದು ಚೀಟಿ ಬರೆದುಕೊಟ್ಟರು: ಬೆಂಗಳೂರಿಗೆ ಹೋದ ತಕ್ಷಣ ಬಿಳಿ ಕ್ಯಾನ್ವಾಸ್ ಬೂಟು ಕೊಳ್ಳಬೇಕು, ಬೂಟಿಲ್ಲದೆ ಆಡಲು ಬಿಡುವುದಿಲ್ಲ. ಹೊಸ ಬೂಟಿನಲ್ಲಿ ಆಡಬಾರದು, ಎರಡು ದಿನ ಹಾಕಿ ನಡೆದು ಪಳಗಿಸಬೇಕು.

ಬೆಳ್ತಂಗಡಿಯಲ್ಲಿ ಬಸ್ಸು ಹತ್ತಿ, ಚಾರ್ಮಾಡಿ ಘಾಟಿಯಲ್ಲಿ ಎರಡು ಸಲ ವಾಂತಿ ಮಾಡಿ, ಸಂಜೆ ಬೆಂಗಳೂರು ಸೇರಿದೆ. ಬಳೇಪೇಟೆಯಲ್ಲಿ ಬಂಟ್ವಾಳದ ಕಡೆಯ ದೂರದ ನೆಂಟರೊಬ್ಬರ ಹೋಟೆಲಿತ್ತು. ಮಾಳಿಗೆಯಲ್ಲಿ ನಮಗೊಂದು ಕೋಣೆ ಕೊಟ್ಟರು. ಮರುದಿನ ಬೆಳಿಗ್ಗೆ ಬೂಟಿನ ಅಂಗಡಿ ತೆರೆಯುವ ಮೊದಲೇ ಮಾವ ಅದರ ಎದುರು ನಿಂತಿದ್ದರು. ಬೂಟು ಕೊಂಡು ನನ್ನ ಕಾಲಿಗೆ ಹಾಕಿಸಿ, ಹೊಸ ಹೋರಿಗೆ ನೊಗ ಹೂಡಿದವರ ಹಾಗೆ ಒಂದು ಸುತ್ತು ನೋಡಿ, "ಸರಿ, ನಡೆಯುವ" ಎಂದರು.

ಆ ಎರಡು ದಿನ ನಾವು ನಡೆದದ್ದನ್ನು ಈಗ ಯಾರಿಗೆ ಹೇಳಿದರೂ ನಂಬುವುದಿಲ್ಲ. ಚಿಕ್ಕಪೇಟೆಯ ಸಂದಿಗೊಂದಿ, ಅವೆನ್ಯೂ ರಸ್ತೆ, ಮಾರುಕಟ್ಟೆ, ಅಲ್ಲಿಂದ ಲಾಲ್‌ಬಾಗ್, ಅಲ್ಲಿಂದ ಬಸವನಗುಡಿ, ಮತ್ತೆ ವಾಪಸ್. ಎರಡನೆಯ ದಿನ ವಿಧಾನಸೌಧ, ಕಬ್ಬನ್ ಪಾರ್ಕ್, ಮಹಾತ್ಮಾಗಾಂಧಿ ರಸ್ತೆ, ದಂಡಿನ ಕಡೆಯ ಇಗರ್ಜಿಗಳು. ಬೆಳಗಿನ ಚಳಿಗೆ ಬಾಯಿಂದ ಹೊಗೆ ಬರುತ್ತಿತ್ತು. ನಾನು ಜನ್ಮದಲ್ಲಿ ಮೊದಲ ಬಾರಿ ಅಂಥದ್ದು ಕಂಡು ಬೀಡಿ ಸೇದಿದ ಹಾಗೆ ಊದುತ್ತಾ ಹೋಗುತ್ತಿದ್ದೆ. ಮಾವ ಮುಂದೆ, ಪಂಚೆ ಎತ್ತಿ ಕಟ್ಟಿ, ಹೆಗಲ ಮೇಲೆ ಬೈರಾಸು ಟವೆಲು, ಕಂಕುಳಲ್ಲಿ ಕೊಡೆ. ಡಿಸೆಂಬರಿನಲ್ಲಿ ಕೊಡೆ ಯಾಕೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ದಾರಿ ಕೇಳುವುದು ಅವರದ್ದೇ ಒಂದು ಚೆಂದ. ಒಬ್ಬ ಹೂವಿನವನನ್ನು ನಿಲ್ಲಿಸಿ, "ಇಲ್ಲಿಂದ ಲಾಲ್‌ಬಾಗಿಗೆ ಹೋಗುವುದು ಹೇಗೆ? ಬಹಳ ದೂರ ಉಂಟೋ?" ಎಂದರು.

ಅವನು ಮೇಲಿಂದ ಕೆಳಗೆ ನೋಡಿದ. "ಏನ್ ಯಜಮಾನ್ರೇ, ನಾಟಕದ ಕಂಪ್ನಿಯೋರಾ? ನಡ್ಕೊಂಡ್ ಎಲ್ಲಿ ಹೋಗ್ತೀರಾ, ಆಟೋ ಹತ್ಬಿಡಿ."

"ಹತ್ತಲಿಕ್ಕೆ ಬರ್ತದೆ. ನಾನು ಕೇಳಿದ್ದು ನಡೆಯುವ ದಾರಿ."

ಅವನು ನಕ್ಕು, ಕೈ ತೋರಿಸಿ, ನನ್ನ ಕೈಗೆ ಒಂದು ಮೊಳ ಸೇವಂತಿಗೆಯನ್ನೂ ಕೊಟ್ಟ. ದುಡ್ಡು ಬೇಡ ಎಂದ. ಬೆಂಗಳೂರಿನವರು ಒಳ್ಳೆಯವರೇ ಎಂದು ಆಗಲೇ ನಾನು ತೀರ್ಮಾನಿಸಿದ್ದೆ. ಲಾಲ್‌ಬಾಗಿನ ದೊಡ್ಡ ಬಂಡೆಯ ಮೇಲೆ ನಿಂತು ಊರು ನೋಡಿದೆ, ಎಷ್ಟು ಮನೆ, ಎಷ್ಟು ಮರ, ಎಷ್ಟು ಆಕಾಶ! ಮಾವ ಮಾತ್ರ ಪಾದದಿಂದ ಬಂಡೆಯನ್ನು ಸವರಿ, "ಇಲ್ಲಿ ಎಷ್ಟು ಬತ್ತ ಒಣಗಿಸ್ಬಹುದು, ಎಲ್ಲ ವೇಸ್ಟ್" ಎಂದರು.

ಮೊದಲ ದಿನ ಮಧ್ಯಾಹ್ನಕ್ಕೇ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತ್ತು. ನಾನು ಹೇಳಲಿಲ್ಲ. ಹೇಳಿದರೆ ಎಲ್ಲಿ ಆಟವೇ ಬೇಡ ಎನ್ನುತ್ತಾರೋ ಎಂಬ ಹೆದರಿಕೆ. ಎರಡನೆಯ ದಿನ ಸಂಜೆ ಕ್ಲಬ್ಬಿನ ಗೇಟು ಎಲ್ಲಿದೆ ಎಂದು ನೋಡಿಟ್ಟುಕೊಂಡು ಬರುವಾಗ ನಾನು ಕುಂಟುವುದನ್ನು ಅವರು ಕಂಡರು. ಕೋಣೆಗೆ ಬಂದು ಬೂಟು ಬಿಚ್ಚಿಸಿದರು. ಕಾಲುಚೀಲದಲ್ಲಿ ರಕ್ತ ಕಂಡು ಅವರ ಮುಖ ಸಣ್ಣದಾಯಿತು. ಹೋಟೆಲಿನ ಅಡುಗೆಮನೆಯಿಂದ ತೆಂಗಿನೆಣ್ಣೆ ತಂದು ಹಚ್ಚಿದರು. "ಹೇಳ್ಲಿಕ್ಕೆ ಬಾಯಿ ಇಲ್ವಾ ನಿನಗೆ?" ಎಂದು ಬೈದರು. ಆ ಬೈಗುಳ ನನಗೆ ಬಹಳ ಹಿತವಾಯಿತು.

ಮರುದಿನ ಪಂದ್ಯ. ಕ್ಲಬ್ಬಿನ ಅಂಕಣ ಕಂಡು ನಾನು ಬೆರಗಾದೆ. ಕೆಂಪು ಮಣ್ಣು, ನೀರು ಹನಿಸಿ, ಉರುಳುಗಲ್ಲು ಹೊರಳಿಸಿ, ಒಂದು ಗೀರಿಲ್ಲದೆ ಹಾಸಿತ್ತು. ನಮ್ಮ ಅಂಗಳ ಸಾರಿಸುವ ಮೊದಲು ಹೇಗಿರುತ್ತದೋ ಹಾಗೆಯೇ. ಮಾವನೂ ಬೇಲಿಯ ಹೊರಗೆ ನಿಂತು, "ಕೆಲಸ ಗೊತ್ತಿದ್ದವನೇ ಮಾಡಿದ್ದು" ಎಂದರು. ಅವರ ಬಾಯಿಂದ ಅದು ಸಣ್ಣ ಮಾತಲ್ಲ.

ನನ್ನ ಎದುರಾಳಿ ಅನಿತಾ ಎಂಬ ಎತ್ತರದ ಹುಡುಗಿ, ದಂಡಿನ ಕಡೆಯವಳು. ಅವಳು ಟಕಟಕನೆ ಒಳಗೆ ಹೋದಳು. ಅವಳ ಹಿಂದೆ ನಾನು ಅಂಕಣದ ಗೇಟಿನವರೆಗೆ ಹೋದೆ. ಅಲ್ಲಿ ನಿಂತೆ. ಬಗ್ಗಿ, ಎರಡೂ ಬೂಟು ಬಿಚ್ಚಿ, ಜೋಡಿಸಿ ಬದಿಗಿಟ್ಟು, ಕಾಲುಚೀಲವನ್ನು ಅದರೊಳಗೆ ತುರುಕಿ, ನೆಲ ಮುಟ್ಟಿ ಹಣೆಗೆ ಒತ್ತಿಕೊಂಡು ಒಳಗೆ ಇಳಿದೆ. ದೇವರಾಣೆ, ನಾನು ಯೋಚಿಸಿ ಮಾಡಿದ್ದಲ್ಲ. ಎರಡು ದಿನ ಕಾಲು ಒಡೆದುಕೊಂಡದ್ದೇ ಆ ಬೂಟಿಗಾಗಿ ಎಂಬುದೂ ಆ ಗಳಿಗೆಯಲ್ಲಿ ನೆನಪಿರಲಿಲ್ಲ. ಬೆಂಚುಗಳ ಮೇಲೆ ಕೂತ ಜನರೆಲ್ಲ ಗೊಳ್ಳೆಂದು ನಕ್ಕರು.

ಎತ್ತರದ ಕುರ್ಚಿಯಲ್ಲಿ ಕೂತ ಅಂಪೈರು, ಟೋಪಿ ಹಾಕಿದ ಹಿರಿಯರು, "ಶೂ ಹಾಕ್ಕೊಂಡ್ ಬಾಮ್ಮ" ಎಂದರು.

ಬೇಲಿಯ ಹೊರಗೆ ಕೂತಿದ್ದ ಮಾವ ಎದ್ದರು. "ಅವಳು ಬಿಚ್ಚಿದ್ದು ಸರಿಯಲ್ವಾ? ಇಷ್ಟು ಒಳ್ಳೆ ಅಂಗಳಕ್ಕೆ ಬೂಟು ಹಾಕಿ ಇಳಿಯುವುದು ಎಂಥ ಮರ್ಯಾದೆ?"

"ಸಾರ್, ಇಲ್ಲಿ ರೂಲೇ ಹಾಗೆ. ಶೂ ಇಲ್ಲದಿದ್ರೆ ಆಟ ಇಲ್ಲ."

ಮಾವ ಕೂತರು. ನಾನು ನೋಡಿದೆ, ಬೇಲಿಯ ಹೊರಗೇ ಕೂತಿದ್ದರೂ ಅವರೂ ಚಪ್ಪಲಿ ಬಿಚ್ಚಿ ಬದಿಗಿಟ್ಟಿದ್ದರು.

ಬೂಟು ಹಾಕಿದೆ. ಹಾಕಿದ ಮೇಲೆ ಆದದ್ದು ನಾಚಿಕೆಗೇಡು. ಮೂರು ಸೆಟ್ಟಿನಲ್ಲಿ ಎರಡು ಗೆದ್ದವರು ಗೆದ್ದ ಹಾಗೆ. ಮೊದಲ ಸೆಟ್ಟನ್ನು ನಾನು ಸೊನ್ನೆ-ಆರರಲ್ಲಿ ಸೋತೆ. ನೋವು ಒಂದು ಕಡೆ, ಪಾಪಪ್ರಜ್ಞೆ ಇನ್ನೊಂದು ಕಡೆ. ಓಡಿದರೆ ಬೂಟಿನ ಅಡಿ ಮಣ್ಣನ್ನು ಕೆದಕುತ್ತಿತ್ತು. ಆ ಗೀರು ಕಂಡರೆ ನನ್ನ ಎದೆ ಝಲ್ ಎನ್ನುತ್ತಿತ್ತು. ಬೆಕ್ಕಿನ ಹೆಜ್ಜೆ ಇಡುತ್ತಾ ಆಡಿದೆ. ಒಮ್ಮೆಯಂತೂ ಚೆಂಡು ಇನ್ನೂ ಆಟದಲ್ಲಿರುವಾಗಲೇ ನಿಂತು, ಪಾದದಿಂದ ಗೀರು ತೀಡಿ ಮುಚ್ಚಿದೆ. ಚೆಂಡು ನನ್ನ ಪಕ್ಕದಲ್ಲೇ ಹಾದುಹೋಯಿತು. ಅನಿತಾ ನಗಲಿಲ್ಲ, ಪಾಪ, ಇವಳಿಗೆ ಏನೋ ಆಗಿದೆ ಎಂಬ ಹಾಗೆ ನೋಡಿದಳು.

ಸೆಟ್ಟು ಮುಗಿದಾಗ ಇಬ್ಬರು ಕೆಲಸದವರು ಒಳಗೆ ಬಂದರು. ಕಾಲಲ್ಲಿ ರಬ್ಬರಿನ ಬೂಟು. ಒದ್ದೆ ಗೋಣಿಯೊಂದನ್ನು ಹಗ್ಗದಿಂದ ಎಳೆಯುತ್ತಾ ಅಂಕಣವಿಡೀ ಸುತ್ತಿದರು. ನಮ್ಮ ಅಷ್ಟೂ ಗೀರುಗಳು ಕಣ್ಣೆದುರೇ ಮಾಯವಾದವು. ನಾನು ತಲೆ ಬಗ್ಗಿಸಿ ಕೂತಿದ್ದೆ, ಸರಿಯಾಗಿ ಗಮನಿಸಲಿಲ್ಲ. ಆದರೆ ಗಮನಿಸಬೇಕಾದವರು ಗಮನಿಸಿದ್ದರು. ಎರಡನೆಯ ಸೆಟ್ಟಿಗೆ ಎದ್ದು ನಿಂತಾಗ ಬೇಲಿಯ ಆಚೆಯಿಂದ ಗುಡುಗಿನಂಥ ದನಿ ಬಂತು. ಪೂರಾ ತುಳುವಿನಲ್ಲಿ.

"ಶಶೀ! ಅದನ್ನು ಸರಿ ಮಾಡ್ಲಿಕ್ಕೆ ಬೇರೆ ಜನ ಉಂಟು! ಇದು ಬತ್ತದ ಅಂಗಳ ಅಲ್ಲ, ತುಳಿಯಲಿಕ್ಕೇ ಮಾಡಿದ್ದು! ಕೆದಕು, ಎಷ್ಟು ಬೇಕಾದ್ರೂ ಕೆದಕು, ನಾನು ಹೇಳ್ತಾ ಇದ್ದೇನೆ!"

ಆಟದ ನಡುವೆ ಹೊರಗಿನವರು ಹೇಳಿಕೊಡುವ ಹಾಗಿಲ್ಲ. ಅಂಪೈರು ತಿರುಗಿದರು. "ಏನ್ ಸಾರ್ ಹೇಳಿದ್ದು ಹುಡುಗೀಗೆ?"

"ತಿಂಡಿ ತಿಂದಿದ್ದೀಯಾ ಕೇಳಿದೆ" ಎಂದರು ಮಾವ. ನನ್ನ ಹದಿನಾರು ವರ್ಷದಲ್ಲಿ ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಆಮೇಲೆ ನನಗೆ ಏನಾಯಿತೋ. ಅಂಗಳದ ಯಜಮಾನರೇ ತುಳಿ ಎಂದ ಮೇಲೆ ನನಗೆ ಯಾರ ಹೆದರಿಕೆ? ಹಿಮ್ಮಡಿ ಉರಿಯುತ್ತಿತ್ತು, ಉರಿಯಲಿ ಎಂದು ಓಡಿದೆ. ಜಾರಿದೆ, ಕೆದಕಿದೆ, ಮಣ್ಣು ಹಾರಿಸಿದೆ. ನಮ್ಮ ಅಂಗಳದಲ್ಲಿ ಮಲಗುವ ಚೆಂಡನ್ನು ಎಬ್ಬಿಸಿ ಹೊಡೆದ ಕೈಗೆ ಇಲ್ಲಿ ಸೊಂಟದವರೆಗೆ ಎದ್ದು ಬರುವ ಚೆಂಡು ಹಬ್ಬದೂಟದ ಹಾಗಿತ್ತು. ಎರಡನೆಯ ಸೆಟ್ಟು ಆರು-ನಾಲ್ಕು, ನನ್ನದು. ನಕ್ಕ ಜನರೇ ಚಪ್ಪಾಳೆ ಹೊಡೆದರು. ಮೂರನೆಯದರಲ್ಲಿ ಐದು-ಐದರವರೆಗೆ ಎಳೆದೆ. ಕೊನೆಯಲ್ಲಿ ಕಾಲು ಮಾತು ಕೇಳಲಿಲ್ಲ. ಐದು-ಏಳು. ಸೋತೆ.

ಅನಿತಾ ಬಂದು ಕೈ ಕುಲುಕಿ, ಉಸಿರು ಬಿಡುತ್ತಾ ಏನೋ ಇಂಗ್ಲಿಷಿನಲ್ಲಿ ಹೇಳಿದಳು. ಒಳ್ಳೆಯ ಮಾತೇ ಇರಬೇಕು, ನನಗೆ ಅರ್ಥವಾಗಲಿಲ್ಲ. ನಾನು ಗೇಟಿನ ಹೊರಗೆ ಕೂತು ಬೂಟು ಬಿಚ್ಚಿ ಅತ್ತೆ. ನೋವಿಗೆ ಅತ್ತದ್ದಲ್ಲ. ಇನ್ನು ಆಡುವ ಹಾಗಿಲ್ಲ ಎಂದು ಅತ್ತೆ.

ಮಾವ ಸಮಾಧಾನ ಮಾಡಲಿಲ್ಲ. ಅವರು ಕೆಲಸದವರ ಹತ್ತಿರ ಹೋಗಿ, ಕುಕ್ಕುರುಗಾಲಲ್ಲಿ ಕೂತು, ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡುತ್ತಾ ಏನೇನೋ ಕೇಳುತ್ತಿದ್ದರು. ಆಮೇಲೆ ಬಂದು, "ಇನ್ನೊಂದು ಆಟ ನೋಡಿ ಹೋಗುವ" ಎಂದರು. ಒಂದಲ್ಲ, ಸಂಜೆಯವರೆಗೆ ಮೂರು ನೋಡಿದರು, ಕೋಳಿ ಅಂಕ ನೋಡುವವರ ಹಾಗೆ ಮುಂದಕ್ಕೆ ಬಾಗಿ. ಮರುದಿನ ಬೆಳಿಗ್ಗೆ ಬಸ್ಸಿನ ಬದಲು ಮತ್ತೆ ಕ್ಲಬ್ಬಿಗೇ ನಡೆಸಿದರು. ಅನಿತಾಳ ಎರಡನೆಯ ಸುತ್ತು. ಅವಳು ಮೈಸೂರಿನ ಹುಡುಗಿಯೊಬ್ಬಳನ್ನು ಆರು-ಒಂದು, ಆರು-ಒಂದು ಎಂದು ಅರ್ಧ ಗಂಟೆಯಲ್ಲಿ ಮುಗಿಸಿದಳು. ಮಾವ ಬೆರಳು ಮಡಚಿ ಏನೋ ಲೆಕ್ಕ ಹಾಕಿ ನನ್ನ ಕಡೆ ನೋಡಿದರು.

ಮರುದಿನ ಬಸ್ಸು ಹತ್ತಿದೆವು. ಹಾಸನ ಹೋಯಿತು, ಮೂಡಿಗೆರೆ ಹೋಯಿತು, ಘಾಟಿ ಇಳಿಯಿತು. ಮಡಿಲಲ್ಲಿದ್ದ ರ‍್ಯಾಕೆಟ್ಟನ್ನು ನಾನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಮುಂಡಾಜೆಯಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಇಳಿದೆವು. ಬಿಸಿಲು ಇಳಿಯುತ್ತಿತ್ತು, ನಮ್ಮ ಊರಿನ ಬೆಚ್ಚಗಿನ ಗಾಳಿ. ಅವರೇ ಹೇಳುವ ಮೊದಲು ನಾನೇ ಹೇಳಿಬಿಟ್ಟರೆ ಒಳ್ಳೆಯದು ಎನ್ನಿಸಿತು.

"ಮಾವ, ನಾಳೆಯೇ ಲೋಬೋ ಮಾಸ್ಟ್ರಿಗೆ ರ‍್ಯಾಕೆಟ್ ಕೊಟ್ಟು ಬರ್ತೇನೆ."

ಅವರು ಚಹಾ ಊದಿದರು. "ಯಾಕೆ?"

"ನೀವೇ ಹೇಳಿದ್ದಲ್ವಾ? ಸೋತರೆ ಮುಗೀತು ಅಂತ."

"ಹೇಳಿದ್ದೆ."

ಅವರು ಗ್ಲಾಸನ್ನು ಬೆಂಚಿನ ಮೇಲಿಟ್ಟರು. ಬೈರಾಸಿನಿಂದ ಬಾಯಿ ಒರೆಸಿಕೊಂಡರು. "ಅದನ್ನು ಹೇಳುವಾಗ ನಾನು ನಿನ್ನ ಆಟ ಒಂದು ದಿನವೂ ನೋಡಿದವನಲ್ಲ. ನೋಡದೆ ಆಡಿದ ಮಾತು ಅದು. ಅದಕ್ಕೆ ಬೆಲೆ ಇಲ್ಲ."

ಆ ಮನುಷ್ಯ ತನ್ನ ಮಾತನ್ನು ತಾನೇ ಹಿಂದೆ ತೆಗೆದುಕೊಳ್ಳುತ್ತಿದ್ದರು, ಮುಂಡಾಜೆಯ ಒಂದು ಚಹಾದಂಗಡಿಯಲ್ಲಿ, ನನ್ನೊಬ್ಬಳ ಎದುರು. ಕಣ್ಣೀರು ತಡೆಯಲಾಗದೆ ಆ ಕಡೆ ತಿರುಗಿದೆ.

"ಅಳಬೇಡ, ಜನ ನೋಡ್ತಾರೆ" ಎಂದರು. ಕಂಡಕ್ಟರು ಸೀಟಿ ಊದಿದ. ಮಾವ ಎದ್ದರು, ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ ಕೇಳಿದರು:

"ಆ ಉದ್ದದ ಹುಡುಗಿ ಬರುವ ವರ್ಷವೂ ಬರ್ತಾಳಾ?"

"ಬರ್ತಾಳೆ ಮಾವ."

"ಹಾಗಾದ್ರೆ ನಾವೂ ಹೋಗುವ."